ಹಾಡುವ ಪಾಳಿ



ನಮ್ಮ ಸೀಮೆಯ ಸಂಗೀತ ಎಂದು ವಿಷಯ ಕೊಟ್ಟರೆ ಉಪನ್ಯಾಸಕ್ಕೆ ಬಂದವರು ಮೊದಲು ಮಾಡುವ ಕೆಲಸ ಹೆಸರು ಜೋಡಿಸುವುದು. ಹೆಸರುಗಳಿಗೇನೂ ಬರವಿಲ್ಲ. ರಾಯಚೂರಿನ ರಂಗಮಂದಿರ ನಿಂತಿರುವುದೇ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನಲ್ಲಿ. ಲಿಂಗಸುಗೂರಿಗೆ ಪ್ರಾಣೇಶದಾಸರಿದ್ದಾರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಕೈಯಲ್ಲಿ ಕಲಿತವರು ನಮ್ಮ ಮಠಗಳಲ್ಲಿ, ಜಾತ್ರೆಗಳಲ್ಲಿ ಹಾರ್ಮೋನಿಯಂ ಮುಂದೆ ಕೂತದ್ದನ್ನು ನೀವೆಲ್ಲ ನೋಡಿದ್ದೀರಿ. ಇವರೆಲ್ಲರಿಗೂ ಕೈಮುಗಿದು ನಾನು ಬೇರೆ ದಾರಿ ಹಿಡಿಯುತ್ತೇನೆ. ಹಾಡುಗಾರರಲ್ಲದವರು ಯಾವಾಗ ಹಾಡುತ್ತಾರೆ? ರೈತ, ಕೂಲಿಯವಳು, ಕಿರಾಣಿ ಅಂಗಡಿಯವನು, ಹಟ್ಟಿಯ ಚಿನ್ನದ ಗಣಿಯಲ್ಲಿ ರಾತ್ರಿಪಾಳಿ ಮುಗಿಸಿ ಬಂದವನು, ಇವರಿಗೆ ಬಾಯಿಬಿಟ್ಟು ಹಾಡುವ ಹೊತ್ತು ಯಾವುದಿತ್ತು, ಯಾವುದು ಉಳಿದಿದೆ? ಇದಿಷ್ಟೇ ನನ್ನ ಪ್ರಶ್ನೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹಾಡು ಚೆಂದ ಇದ್ದ ಮಾತ್ರಕ್ಕೆ ಉಳಿಯುವುದಿಲ್ಲ. ಅದನ್ನು ಹಾಡಲೇಬೇಕಾದ ಒಂದು ಹೊತ್ತು, ಹಾಡಲೇಬೇಕಾದ ಒಂದು ಪಾಳಿ ಇದ್ದರೆ ಉಳಿಯುತ್ತದೆ. ಹೊತ್ತು ಹೋದರೆ ಎಂಥ ಹಾಡೂ ಪುಸ್ತಕ ಸೇರುತ್ತದೆ. ಪುಸ್ತಕ ಸೇರಿದ ಹಾಡಿಗೆ ನಾವು ಎಂ.ಎ. ಪರೀಕ್ಷೆಯಲ್ಲಿ ಹತ್ತು ಅಂಕ ಕೊಡುತ್ತೇವೆ, ಮುಗಿಯಿತು.

ಹಂತಿ ಪದಗಳನ್ನೇ ತೆಗೆದುಕೊಳ್ಳಿ. ಕಣ ಮಾಡಿ, ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ ಜೋಳದ ತೆನೆಯ ಮೇಲೆ ತಿರುಗಿಸುತ್ತಿದ್ದ ಕಾಲದಲ್ಲಿ ಈ ಪದಗಳು ರಾತ್ರಿಯಿಡೀ ನಡೆಯುತ್ತಿದ್ದವು. ರಾತ್ರಿಯೇ ಯಾಕೆಂದರೆ ಹಗಲಿನ ಬಿಸಿಲಿಗೆ ಎತ್ತೂ ದಣಿಯುತ್ತದೆ, ಮನುಷ್ಯನೂ ದಣಿಯುತ್ತಾನೆ. ಹಾಡು ನಿಂತರೆ ಹಿಂದೆ ನಡೆಯುವವನಿಗೆ ತೂಕಡಿಕೆ, ಅವನು ತೂಕಡಿಸಿದರೆ ಎತ್ತೂ ನಿಂತುಬಿಡುತ್ತದೆ. ಹೀಗಾಗಿ ಒಬ್ಬ ಎತ್ತಿಕೊಂಡ ನುಡಿಯನ್ನು ಇನ್ನೊಬ್ಬ ಹಿಡಿಯಬೇಕು. ಎತ್ತಿನ ನಡಿಗೆಯೇ ತಾಳ. ದೇವರ ಸ್ತುತಿಯಿಂದ ಶುರುವಾಗಿ ಕಥೆಗೆ ಇಳಿದು, ಕಥೆ ಮುಗಿಯುವ ಹೊತ್ತಿಗೆ ಬೆಳ್ಳಿ ಮೂಡುತ್ತಿತ್ತು. ಹಾಡಿದವರ ಕಂಠ ಹೇಗಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ. ರಾಶಿ ಆಯಿತೇ ಇಲ್ಲವೇ, ಅದೇ ಲೆಕ್ಕ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಸಿಂಧನೂರಿನ ಎರೆಭೂಮಿಗೆ ನೀರು ತಂದಿತು. ಜೋಳದ ಹೊಲ ಭತ್ತದ ಗದ್ದೆಯಾಯಿತು. ನಾವು ಈ ಬದಲಾವಣೆಯನ್ನು ಚೀಲದ ಲೆಕ್ಕದಲ್ಲಿ, ಎಕರೆಯ ಬೆಲೆಯಲ್ಲಿ, ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಅಳೆಯುತ್ತೇವೆ. ಜೋಳದ ಜೊತೆ ಕಣ, ಕಣದ ಜೊತೆ ಹಂತಿ, ಹಂತಿಯ ಜೊತೆ ರಾತ್ರಿಯ ಪದ ಹೋದದ್ದನ್ನು ಯಾವ ಇಲಾಖೆಯೂ ಬರೆದಿಡಲಿಲ್ಲ. ಮಸ್ಕಿ, ಲಿಂಗಸುಗೂರಿನ ಮಳೆಯಾಶ್ರಯದ ಊರುಗಳಲ್ಲಿ ಹಂತಿ ಇನ್ನಷ್ಟು ಕಾಲ ಉಳಿಯಿತು. ಕೊನೆಗೆ ಅಲ್ಲಿಗೂ ರಾಶಿ ಮಷೀನು ಬಂತು. ಮಷೀನಿನ ಪಕ್ಕ ನಿಂತು ಹಾಡಿದರೆ ಹಾಡಿದವನಿಗೇ ಕೇಳಿಸುವುದಿಲ್ಲ.

ಇದಕ್ಕೆ ಕಣ್ಣೀರು ಹಾಕುವ ಚಟ ನನಗಿಲ್ಲ. ಬೀಸುಕಲ್ಲಿನ ಪದ ಹೋಯಿತೆಂದು ಅಳುವ ಗಂಡಸರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಕೋಳಿ ಕೂಗುವ ಮೊದಲೇ ಎದ್ದು ಕಲ್ಲು ತಿರುಗಿಸುತ್ತಿದ್ದ ಹೆಣ್ಣುಮಕ್ಕಳ ರಟ್ಟೆಗೆ ಹಿಟ್ಟಿನ ಗಿರಣಿ ಕೊಟ್ಟ ವಿಶ್ರಾಂತಿ ದೊಡ್ಡದು. ಆದರೆ ಒಂದು ಮಾತನ್ನು ಗಮನಿಸಿ. ಭತ್ತದ ಗದ್ದೆಯಲ್ಲೂ ಹೆಣ್ಣಾಳುಗಳು ಸಾಲಾಗಿ ಬಗ್ಗಿ ಸಸಿ ಹಚ್ಚುತ್ತಾರೆ. ಅಲ್ಲಿ ಹಾಡು ಹುಟ್ಟಬಹುದಿತ್ತು. ದಿನಗೂಲಿ ಇದ್ದಾಗ ಅಷ್ಟಿಷ್ಟು ಹುಟ್ಟಿದ್ದೂ ಉಂಟು. ಎಕರೆಗೆ ಇಷ್ಟು ಎಂಬ ಗುತ್ತಿಗೆ ಬಂದ ಮೇಲೆ ಉಸಿರಿಗೂ ಬಿಡುವಿಲ್ಲದಂತಾಯಿತು. ಹಾಡು ಈಗ ಗದ್ದೆಯಲ್ಲಿಲ್ಲ. ಆಳುಗಳನ್ನು ಕರೆದೊಯ್ಯುವ ಟಂಟಂನ ಸ್ಪೀಕರಿನಲ್ಲಿದೆ. ಹೋಗುವಾಗ ಒಂದಿಷ್ಟು, ಬರುವಾಗ ಒಂದಿಷ್ಟು. ಕೆಲಸದಿಂದ ಹುಟ್ಟುತ್ತಿದ್ದ ಹಾಡು ಕೆಲಸದ ಆಚೆ ಈಚೆ ಕೇಳುವ ಹಾಡಾಗಿದೆ.

ಹಾಗಾದರೆ ಏನು ಉಳಿದಿದೆ? ನನಗೆ ಕಾಣುವ ಮಟ್ಟಿಗೆ, ಪಂಚಾಂಗ ಹಿಡಿದುಕೊಂಡು ನಡೆಯುವ ಹಾಡು ಉಳಿದಿದೆ. ಅದರಲ್ಲಿ ಮೊದಲನೆಯದು ನಮ್ಮ ಸಿಂಧನೂರು ತಾಲೂಕಿನದೇ.

ಸೋಮಲಾಪುರದ ಸಿದ್ಧಪರ್ವತ ನಿಮಗೆಲ್ಲ ಗೊತ್ತು. ಅಂಬಾಮಠ ಎಂದರೆ ಇನ್ನೂ ಚೆನ್ನಾಗಿ ಗೊತ್ತು. ಬನದ ಹುಣ್ಣಿಮೆಯ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋದವರ ಮಕ್ಕಳು ಈಗ ಬೈಕಿನಲ್ಲಿ ಹೋಗುತ್ತಾರೆ. 'ಜ್ಞಾನಸಿಂಧು' ಬರೆದ ಚಿದಾನಂದಾವಧೂತರು ನೆಲೆಸಿದ ಜಾಗ ಅದು. ಷಟ್ಪದಿಯಲ್ಲಿರುವ ಅವರ ಶ್ರೀದೇವಿ ಪುರಾಣ ದಸರೆಯ ಒಂಬತ್ತು ರಾತ್ರಿ ನಮ್ಮ ಊರೂರ ಗುಡಿಗಳಲ್ಲಿ ನಡೆಯುತ್ತದೆ. ಬರೀ ನಮ್ಮಲ್ಲಲ್ಲ, ಉತ್ತರ ಕರ್ನಾಟಕದ ಬಹುಪಾಲು ಕಡೆ. ಒಬ್ಬ ಪದ್ಯ ಎತ್ತಿ ಹಾಡುತ್ತಾನೆ, ಇನ್ನೊಬ್ಬ ಅರ್ಥ ಬಿಡಿಸಿ ಹೇಳುತ್ತಾನೆ. ಹಾರ್ಮೋನಿಯಂ ಇದ್ದರೆ ಇದೆ, ಇಲ್ಲದಿದ್ದರೆ ತಾಳವೇ ಸಾಕು. ಓದುವವನು ಹಗಲು ಟೇಲರ್ ಇರಬಹುದು, ಟ್ರ್ಯಾಕ್ಟರ್ ಓಡಿಸುವವನಿರಬಹುದು. ಸಂಜೆ ಮೈತೊಳೆದು, ಪಂಚೆ ಉಟ್ಟು ವ್ಯಾಸಪೀಠದ ಮುಂದೆ ಕೂತನೆಂದರೆ ಅವನ ಮಾತಿನ ಮಟ್ಟವೇ ಬೇರೆ.

ಕನ್ನಡ ಮೇಷ್ಟ್ರಾಗಿ ಹೇಳುತ್ತೇನೆ, ನಮ್ಮ ತರಗತಿಗಳಲ್ಲಿ ಭಾಮಿನಿ ಷಟ್ಪದಿಯ ಮಾತ್ರೆ ಎಣಿಸಲು ಹುಡುಗರಿಗೆ ಜ್ವರ ಬರುತ್ತದೆ. ಅದೇ ಹುಡುಗರ ಅಪ್ಪ ಮೂರು, ನಾಲ್ಕು ಎಂಬ ಗಣದ ಲೆಕ್ಕವೇ ಗೊತ್ತಿಲ್ಲದೆ ನೂರಾರು ಷಟ್ಪದಿಗಳನ್ನು ತಪ್ಪದೆ ಎಳೆಯುತ್ತಾನೆ. ಕಿವಿಯಿಂದ ಬಂದದ್ದಕ್ಕೆ ಕೈಬೆರಳು ಬೇಕಾಗಿಲ್ಲ. ಪಕ್ಕದ ಮಾನ್ವಿಯ ಜಗನ್ನಾಥದಾಸರ 'ಹರಿಕಥಾಮೃತಸಾರ'ವೂ ಭಾಮಿನಿಯಲ್ಲೇ ಇದೆ. ಏಕಾದಶಿಗೆ, ಆರಾಧನೆಗೆ ಭಜನಾ ಮಂಡಳಿಯ ಹೆಣ್ಣುಮಕ್ಕಳು ಅದನ್ನು ಸಂಧಿ ಸಂಧಿಯಾಗಿ ಒಪ್ಪಿಸುತ್ತಾರೆ. ಜಗನ್ನಾಥದಾಸರ ಶಿಷ್ಯರಾದ ನಮ್ಮ ಪ್ರಾಣೇಶದಾಸರ ಕೃತಿಗಳೂ ಈ ಬಾಯಿಗಳಲ್ಲೇ ಬಾಳುತ್ತಿವೆ. ಶ್ರಾವಣ ಬಂದರೆ ಮಠಗಳಲ್ಲಿ ಶರಣಬಸವೇಶ್ವರರ ಪುರಾಣ. ಪುರಾಣದಲ್ಲಿ ಮಗು ಹುಟ್ಟುವ ಭಾಗ ಬಂದ ದಿನ ಗುಡಿಯಲ್ಲಿ ನಿಜವಾದ ತೊಟ್ಟಿಲು ಕಟ್ಟುತ್ತಾರೆ, ಊರ ಹೆಣ್ಣುಮಕ್ಕಳು ಜೋಗುಳ ಹಾಡುತ್ತಾರೆ, ಉಡಿ ತುಂಬುತ್ತಾರೆ. ಕೇಳುತ್ತ ಕೂತವರು ಆ ರಾತ್ರಿ ಹಾಡುವವರಾಗುತ್ತಾರೆ.

ಇಷ್ಟು ಹೇಳಿದ ಮೇಲೆ ಮುದಗಲ್‌ಗೆ ಹೋಗದೆ ಗತಿಯಿಲ್ಲ. ಲಿಂಗಸುಗೂರು ತಾಲೂಕಿನ ಈ ಕೋಟೆಯ ಊರು ಮೊಹರಂಗೆ ನಾಡೆಲ್ಲ ಹೆಸರಾದದ್ದು. ಕರ್ಬಲಾದಲ್ಲಿ ಇಮಾಮ್ ಹುಸೇನರು ಹುತಾತ್ಮರಾದದ್ದು ಕ್ರಿ.ಶ. 680ರಲ್ಲಿ, ಇಲ್ಲಿಂದ ಸಾವಿರಾರು ಮೈಲಿ ದೂರದ ಇರಾಕಿನ ಮರಳಿನಲ್ಲಿ. ಆ ದುಃಖವನ್ನು ನಮ್ಮ ಒಕ್ಕಲಿಗ, ಕುರುಬ, ನಾಯಕ, ಮಾದಿಗ, ಮುಸ್ಲಿಂ ಮನೆಗಳ ಗಂಡಸರು ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಅಚ್ಚ ಕನ್ನಡದಲ್ಲಿ ಹಾಡುತ್ತಾರೆ. ರಿವಾಯತ್ ಪದ, ಮೊಹರಂ ಪದ, ಅಲಾಯಿ ಪದ, ಊರಿಗೊಂದು ಹೆಸರು. ಎರಡು ಮೇಳ ಎದುರಾದರೆ ಸವಾಲ್ ಜವಾಬ್. ಒಂದು ಮೇಳ ಕರ್ಬಲಾದ ಕಥೆಯಿಂದ ಪ್ರಶ್ನೆ ಎಸೆದರೆ ಇನ್ನೊಂದು ಮಹಾಭಾರತದ ಕಥೆಯಿಂದ ತಿರುಗಿಸಿ ಎಸೆಯುತ್ತದೆ. ಕತ್ತಲ ರಾತ್ರಿಯ ಹೊತ್ತಿಗೆ ಗಂಟಲು ಕಟ್ಟಿ ಹೋಗಿರುತ್ತದೆ. ಆದರೂ ಬಿಡುವುದಿಲ್ಲ, ಯಾಕೆಂದರೆ ಹರಕೆ. ಫಕೀರನಾಗುತ್ತೇನೆಂದು ಬೇಡಿಕೊಂಡವನು ಆಗಲೇಬೇಕು, ಹೆಜ್ಜೆ ಹಾಕುತ್ತೇನೆಂದವನು ಹಾಕಲೇಬೇಕು. ಮುಸ್ಲಿಂ ಮನೆ ಒಂದೂ ಇಲ್ಲದ ಹಳ್ಳಿಗಳಲ್ಲೂ ದೇವರು ಕೂಡುತ್ತವೆ, ಪದ ನಡೆಯುತ್ತದೆ. ಇದನ್ನು ಸೌಹಾರ್ದದ ಭಾಷಣಕ್ಕೆ ಉದಾಹರಣೆಯಾಗಿ ಬಳಸುವವರು ಬಹಳ ಮಂದಿ. ಹಾಡುವವರಿಗೆ ಆ ಭಾಷಣದ ನೆನಪೇ ಇರುವುದಿಲ್ಲ. ಅವರಿಗಿರುವುದು ಮುಂದಿನ ನುಡಿ ಮರೆಯಬಾರದೆಂಬ ಚಿಂತೆ.

ಈಗ ಮತ್ತೆ ಸಿಂಧನೂರಿಗೆ ಬರೋಣ. ನಮ್ಮ ಇತಿಹಾಸಕಾರರೂ ಸಂಗೀತದವರೂ ಅಷ್ಟಾಗಿ ನೋಡದ ಒಂದು ಸಂಗತಿ ಇಲ್ಲಿದೆ. ಕಾಲುವೆಯ ನೀರಿನ ಹಿಂದೆಯೇ ಆಂಧ್ರದಿಂದ ರೈತರು ಬಂದರು, ಕ್ಯಾಂಪುಗಳಾದವು. ಅವರ ಜೊತೆ ರಾಮನ ಗುಡಿ, ಹರಿಕಥೆ, ತೆಲುಗು ಭಜನೆ ಬಂದವು. ತೆಲುಗಿನ ಗಾಯಕ ಘಂಟಸಾಲ ತೀರಿಕೊಂಡದ್ದು 1974ರಲ್ಲಿ. ಅವರ ದನಿಯ ಭಗವದ್ಗೀತೆ ಇವತ್ತಿಗೂ ಕ್ಯಾಂಪಿನ ಮೈಕಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಕೇಳಿಸಿದರೆ, ಯಾವ ಮನೆಯಲ್ಲಿ ಸಾವಾಯಿತು ಎಂದು ಪಕ್ಕದ ಕನ್ನಡದ ಹಳ್ಳಿಯವರೂ ವಿಚಾರಿಸುತ್ತಾರೆ. ಆಮೇಲೆ ಬಂದವರು ಪೂರ್ವ ಬಂಗಾಳದ ನಿರಾಶ್ರಿತರು. ಅವರಿಗೆ ಸರ್ಕಾರ ಕೊಟ್ಟ ಊರುಗಳಿಗೆ ಹೆಸರೂ ಇರಲಿಲ್ಲ, ಆರ್.ಎಚ್. ಕ್ಯಾಂಪ್ ಎಂದು ನಂಬರು ಹಾಕಿದ್ದರು. ಮನೆ ಮಠ ಬಿಟ್ಟು ಬಂದವರು ಖೋಲು, ಕರತಾಳ, ಹರಿನಾಮ ಸಂಕೀರ್ತನೆ ಬಿಟ್ಟು ಬಂದಿರಲಿಲ್ಲ. ದುರ್ಗಾಪೂಜೆಯನ್ನಂತೂ ಬಿಡಲೇ ಇಲ್ಲ.

ನೋಡಿ, ದಸರೆಯ ಅದೇ ರಾತ್ರಿಗಳಲ್ಲಿ ಅಂಬಾಮಠದ ಸುತ್ತಲ ಹಳ್ಳಿಗಳಲ್ಲಿ ಕನ್ನಡ ಷಟ್ಪದಿಯಲ್ಲಿ ಮಹಿಷಾಸುರ ಸಾಯುತ್ತಾನೆ. ಅದೇ ತಾಲೂಕಿನ ಬಂಗಾಳಿ ಕ್ಯಾಂಪಿನ ಪೆಂಡಾಲಿನಲ್ಲಿ ಚಂಡೀಪಾಠದಲ್ಲೂ ಸಾಯುತ್ತಾನೆ. ಎರಡಕ್ಕೂ ಮೂಲ ಮಾರ್ಕಂಡೇಯ ಪುರಾಣದ ದೇವೀಮಾಹಾತ್ಮ್ಯವೇ, ಏಳು ನೂರು ಶ್ಲೋಕಗಳ ಸಪ್ತಶತಿ. ಬಂಗಾಳದವರಿಗೆ ಮಹಾಲಯದ ಬೆಳಗಿನ ಜಾವ 1931ರಲ್ಲಿ ಶುರುವಾದ ಕಲ್ಕತ್ತಾ ರೇಡಿಯೋದ 'ಮಹಿಷಾಸುರಮರ್ದಿನಿ' ಕೇಳದಿದ್ದರೆ ಹಬ್ಬ ಹತ್ತುವುದಿಲ್ಲ. ನಮ್ಮವರಿಗೆ ಪುರಾಣದ ಮೊದಲ ಸಂಧಿ ಕೇಳದಿದ್ದರೆ ಘಟಸ್ಥಾಪನೆ ಆದಂತೆನಿಸುವುದಿಲ್ಲ. ಇಷ್ಟು ವರ್ಷಗಳಲ್ಲಿ ಈ ಎರಡು ಗುಂಪನ್ನೂ ಒಂದೇ ವೇದಿಕೆಗೆ ಕರೆದು ಒಂದೇ ಕಥೆಯನ್ನು ಎರಡು ಭಾಷೆಯಲ್ಲಿ ಕೇಳಬೇಕೆಂಬ ಆಸೆ ನಮ್ಮಂಥವರಿಗೆ ಹುಟ್ಟಬೇಕಾಗಿತ್ತು. ತಾಂಡಾಗಳಲ್ಲಿ ಹೋಳಿಗೆ ಲೇಂಗಿ ಹಾಡುವ, ಮದುಮಗಳನ್ನು ಕಳಿಸುವಾಗ ಢಾವಲೋ ತೆಗೆದು ಅಳುವ ಲಂಬಾಣಿ ಹೆಣ್ಣುಮಕ್ಕಳನ್ನು ನಾವು ಕನ್ನಡದ ಸಂಗೀತದ ಮಾತಿನಲ್ಲಿ ಸೇರಿಸುವುದೂ ಅಪರೂಪ. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲೂಕುಗಳಲ್ಲಿ ಕನ್ನಡ, ತೆಲುಗು, ಉರ್ದು, ಬಂಗಾಳಿ, ಗೋರ್‌ಬೋಲಿ ಐದರಲ್ಲೂ ಹಾಡು ನಡೆಯುತ್ತಿದೆ. ಮುದಗಲ್‌ನ ಹಳೆಯ ಕ್ಯಾಥೋಲಿಕ್ ಚರ್ಚಿನದು ಇನ್ನೊಂದು ಕಥೆ.

ಚರ್ಚಿನ ಮಾತು ಬಂದದ್ದರಿಂದ ನಿಮ್ಮನ್ನು ಸ್ವಲ್ಪ ದೂರ, ಸಮುದ್ರ ದಾಟಿಸಿ ಕರೆದುಕೊಂಡು ಹೋಗುತ್ತೇನೆ. ಫಿಲಿಪೀನ್ಸ್ ದೇಶದ ಹಳ್ಳಿಗಳಲ್ಲಿ ಈಸ್ಟರಿನ ಹಿಂದಿನ ವಾರ ಏಸುವಿನ ಬದುಕು ಮತ್ತು ಮರಣದ ಕಥೆಯನ್ನು ಹಾಡಿ ಓದುತ್ತಾರೆ. ಅದಕ್ಕೆ ಪಬಾಸಾ ಎನ್ನುತ್ತಾರೆ. ಕಾವ್ಯಕ್ಕೆ ಪಾಸ್ಯೋನ್ ಎಂದು ಹೆಸರು. ಐದು ಸಾಲಿನ ಪದ್ಯಗಳು, ಟಾಗಲೋಗ್ ಮೊದಲಾದ ಅವರ ಸ್ವಂತ ಭಾಷೆಗಳಲ್ಲಿ. ಹೆಚ್ಚು ಬಳಕೆಯಲ್ಲಿರುವ ಪಾಠ 1814ರದು. ಮನೆಯ ಅಂಗಳದಲ್ಲೋ ಬೀದಿಬದಿಯ ಪುಟ್ಟ ಚಪ್ಪರದಲ್ಲೋ ಮುದುಕಿಯರು, ಹುಡುಗರು ಪಾಳಿಯ ಮೇಲೆ ಕೂತು, ಹಗಲು ರಾತ್ರಿ ಎನ್ನದೆ, ಮುಗಿಯುವ ತನಕ ಹಾಡುತ್ತಾರೆ. ಮಾಡಿಸುವ ಮನೆಗೆ ಹರಕೆ ಇರುತ್ತದೆ. ಹಾಡಿದವರಿಗೆ ಆ ಮನೆಯವರೇ ಊಟ ಹಾಕುತ್ತಾರೆ. ಅಂಬಾಮಠದ ಸೀಮೆಯವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಅದೇ ದೇಶದಲ್ಲಿ ಇನ್ನೊಂದು ಚಟವೂ ಇದೆ. 1975ರ ಸುಮಾರಿಗೆ ರಾಬರ್ತೊ ದೆಲ್ ರೊಸಾರಿಯೊ ಎಂಬ ಫಿಲಿಪಿನೊ, ಹಾಡಿನ ಹಿನ್ನೆಲೆ ಸಂಗೀತ ಮಾತ್ರ ನುಡಿಸಿ ದನಿಯನ್ನು ಹಾಡುವವರಿಗೇ ಬಿಡುವ ಯಂತ್ರ ಮಾಡಿದ. ಇವತ್ತು ಅಲ್ಲಿ ಹುಟ್ಟುಹಬ್ಬ ಇರಲಿ, ಮದುವೆ ಇರಲಿ, ವಿಡಿಯೊಕೆ ಮಷೀನನ್ನು ಬಾಡಿಗೆಗೆ ತರುತ್ತಾರೆ. ಪರದೆಯ ಮೇಲೆ ಸಾಲು ಮೂಡುತ್ತದೆ, ಸೋದರತ್ತೆ ಹಾಡುತ್ತಾಳೆ, ಪಕ್ಕದ ಮನೆಯ ಡ್ರೈವರ್ ಹಾಡುತ್ತಾನೆ, ಕೊನೆಗೆ ಯಂತ್ರ ಅಂಕ ಕೊಡುತ್ತದೆ. ಅಕ್ಕಪಕ್ಕದವರಿಗೆ ನಿದ್ದೆ ಬಾರದೆ ಜಗಳವೂ ಆಗುತ್ತದೆ. ಆದರೆ ಯಂತ್ರ ಅಲ್ಲಿ ಹಾಡುವ ಬಾಯಿಗಳನ್ನು ಹೆಚ್ಚಿಸಿತು. ನಮ್ಮಲ್ಲಿ ಡಿಜೆ ಬಂತು, ಬಾಯಿಗಳು ಮುಚ್ಚಿಕೊಂಡವು. ಹಾಗಾಗಿ ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಅದರ ಮುಂದೆ ನಮ್ಮವರಿಗೆ ಪಾಳಿ ಇದೆಯೇ ಎಂದು ಕೇಳಬೇಕು.

ನಮ್ಮ ಜನಪ್ರಿಯ ಸಂಗೀತಕ್ಕೆ ಒಂದು ಕಾಲದಲ್ಲಿ ಪಾಳಿ ಇತ್ತು. ಜಾತ್ರೆ ಬಂದರೆ ಊರ ಹುಡುಗರು ಸಾಮಾಜಿಕ ನಾಟಕ ಹಾಕುತ್ತಿದ್ದರು, ಈಗಲೂ ಹಾಕುತ್ತಾರೆ. ತಿಂಗಳುಗಟ್ಟಲೆ ಗುಡಿಯ ಕಟ್ಟೆಯ ಮೇಲೆ ತಾಲೀಮು, ಕಾಲ್ಪೆಟ್ಟಿಗೆಯ ಮಾಸ್ತರರ ಬೈಗುಳ, ಮಾತಿಗಿಂತ ಹೆಚ್ಚು ಹಾಡು. ಪಕ್ಕದ ಹುನಗುಂದ ತಾಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ಆಡದ ಊರು ಈ ಕಡೆ ಸಿಗುವುದು ಕಷ್ಟ. 1974ರಲ್ಲಿ ಅದು ಸಿನಿಮಾ ಆಯಿತು. ರಾಜಕುಮಾರ್ ಆ ಚಿತ್ರಕ್ಕೆ ಹಾಡಿದ ಮೇಲೆಯೇ ಅವರ ಹಿನ್ನೆಲೆ ಗಾಯನದ ದಾರಿ ತೆರೆದದ್ದು. ಅಂದರೆ ನಮ್ಮ ಸೀಮೆಯ ಬಯಲಿನ ನಾಟಕದಿಂದ ಹೊರಟ ಕಥೆ ನಾಡಿನ ಗಂಟಲಿಗೆ ಒಂದು ದಾರಿ ಮಾಡಿಕೊಟ್ಟಿತು. ಸಿನಿಮಾದ ಹಾಡು ತಿರುಗಿ ನಮ್ಮ ನಾಟಕದೊಳಗೆ ಬಂತು, ಭಜನೆಯ ಧಾಟಿಗೂ ನುಸುಳಿತು. ಶುದ್ಧಿ ಹುಡುಕುವವರಿಗೆ ಇದು ಹಿಡಿಸುವುದಿಲ್ಲ. ಸಿನಿಮಾ ಮಟ್ಟಿನಲ್ಲಿ ತತ್ವಪದ ಹಾಡುವುದನ್ನು ನಾನೂ ಕೇಳಿದ್ದೇನೆ. ನನಗೇನೂ ಬೇಸರವಾಗಲಿಲ್ಲ, ಪದ ಬಾಯಲ್ಲಿತ್ತಲ್ಲ.

ಈಗ ಯೂಟ್ಯೂಬಿನಲ್ಲಿ ಬರುವ ಉತ್ತರ ಕರ್ನಾಟಕದ ಜನಪದ ಎಂಬ ಹೊಸ ಹಾಡುಗಳನ್ನು ನಮ್ಮ ಪ್ರಾಧ್ಯಾಪಕರು ಮೂಗು ಮುರಿದು ನೋಡುತ್ತಾರೆ. ಕೀಬೋರ್ಡು, ಕೈಕೊಟ್ಟ ಹುಡುಗಿ, ಟ್ರ್ಯಾಕ್ಟರ್ ಡ್ರೈವರ್. ಅದರಲ್ಲಿ ಕಸ ಬಹಳ ಇದೆ, ಹೆಣ್ಣುಮಕ್ಕಳ ಬಗ್ಗೆ ಆಡುವ ಮಾತು ಹಲವು ಸಲ ಹೇಸಿಗೆ. ಆದರೂ ನಮ್ಮ ಹುಡುಗರು ಬೆಂಗಳೂರಿನ ಕನ್ನಡಕ್ಕೆ ನಾಲಿಗೆ ತಿರುಚದೆ ತಮ್ಮ ಮಾತಿನಲ್ಲೇ ಹಾಡು ಕಟ್ಟಿ ಲಕ್ಷಗಟ್ಟಲೆ ಜನಕ್ಕೆ ಕೇಳಿಸುತ್ತಿದ್ದಾರೆ ಎಂಬುದು ಸಣ್ಣ ಸಂಗತಿಯಲ್ಲ. ಕವಿ ಶಾಂತರಸರು ಗಜಲ್ ಅನ್ನು ಕನ್ನಡಕ್ಕೆ ತಂದಾಗಲೂ ಇದೇನು ಉರ್ದುವಿನ ಗಾಳಿ ಎಂದವರಿದ್ದರು. ನನ್ನ ತಕರಾರು ಹಾಡಿನ ಮೇಲಲ್ಲ, ಅದನ್ನು ಬಳಸುವ ರೀತಿಯ ಮೇಲೆ. ಗಣೇಶನ ಮೆರವಣಿಗೆಯಲ್ಲಿ ಗೋಡೆಯೆತ್ತರ ಸ್ಪೀಕರ್ ಕಟ್ಟಿದ ಗಾಡಿಯ ಹಿಂದೆ ಇನ್ನೂರು ಹುಡುಗರು ಕುಣಿಯುತ್ತಾರೆ. ಒಬ್ಬನ ಬಾಯಲ್ಲೂ ಹಾಡಿಲ್ಲ. ಇದ್ದರೂ ಯಾರಿಗೂ ಕೇಳಿಸುವುದಿಲ್ಲ. ಹಲಗಿ ಬಡಿಯುವವರನ್ನು ಕರೆಸಿದ್ದರೆ ಅವರಿಗೆ ಕೂಲಿಯಾದರೂ ಸಿಗುತ್ತಿತ್ತು.

ಹಲಗಿ ಎಂದೊಡನೆ ಮಸ್ಕಿಯ ನೆನಪು. 1915ರಲ್ಲಿ ಸಿಕ್ಕ, ಅಶೋಕನ ಹೆಸರನ್ನೇ ಹೇಳಿದ ಶಾಸನ ಅಲ್ಲಿದೆ. 2018ರಲ್ಲಿ ತಾಲೂಕಾದಾಗ ನಮ್ಮ ಭಾಷಣಗಳಲ್ಲೆಲ್ಲ ಅದೇ ಇತ್ತು. ಕರ್ನೂಲು ಸೀಮೆಯ ಎರ್ರಗುಡಿಯಲ್ಲಿರುವ ಅವನ ಶಾಸನವೊಂದು, ರಾಜಾಜ್ಞೆಯನ್ನು ಭೇರಿ ಬಾರಿಸಿ ಜನಕ್ಕೆ ತಿಳಿಸಬೇಕೆಂದು ಅಧಿಕಾರಿಗೆ ಹೇಳುತ್ತದೆ. ನಮ್ಮ ಹಳ್ಳಿಗಳಲ್ಲಿ ಡಂಗುರ ಸಾರುವವನ ಹಲಗಿಯ ಪೆಟ್ಟು ಎಷ್ಟು ಹಳೆಯದೆಂದು ನೀವೇ ಯೋಚಿಸಿ. ಅದನ್ನು ಬಾರಿಸುವ ಕೈಗಳನ್ನು ಊರು ನಡೆಸಿಕೊಂಡ ರೀತಿಯನ್ನೂ ಜೊತೆಗೇ ಯೋಚಿಸಿ. ಹಲಗಿ ಬಿಡುತ್ತೇವೆ ಎನ್ನುವ ಯುವಕರನ್ನು ಸಂಸ್ಕೃತಿಯ ಹೆಸರಿನಲ್ಲಿ ತಡೆಯುವ ಹಕ್ಕು ನಮಗಿಲ್ಲ. ಬಾರಿಸಿದರೆ ವೇದಿಕೆಯ ಮೇಲೆ, ಸರಿಯಾದ ಸಂಭಾವನೆಗೆ, ಮರ್ಯಾದೆಯಿಂದ ಬಾರಿಸಲಿ. ಕೆಲವು ಪಾಳಿಗಳು ಮುರಿಯುವುದೇ ಒಳ್ಳೆಯದು.

ಉಳಿಸಬೇಕಾದ ಪಾಳಿಗಳೂ ಇವೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಸಾಮಾನ್ಯವಾಗಿ ಧ್ವನಿವರ್ಧಕ ಹಾಕುವಂತಿಲ್ಲ. ಅನೇಕರಿಗೆ ಇದು ಹಬ್ಬಕ್ಕೆ ಬಂದ ಅಡ್ಡಿಯಾಗಿ ಕಾಣುತ್ತದೆ. ನನಗೆ ಇದು ಭಜನೆಗೆ ಸಿಕ್ಕ ಅವಕಾಶವಾಗಿ ಕಾಣುತ್ತದೆ. ಏಕತಾರಿ, ದಮ್ಮಡಿ, ತಾಳಕ್ಕೆ ಧ್ವನಿವರ್ಧಕವೇ ಬೇಕಿಲ್ಲ. ಕಡಕೋಳ ಮಡಿವಾಳಪ್ಪನವರ, ಶಿಶುನಾಳ ಶರೀಫರ ತತ್ವಪದಗಳು ಮೈಕಿಲ್ಲದೆಯೇ ಒಂದೂವರೆ, ಎರಡು ಶತಮಾನದ ದಾರಿ ನಡೆದು ಬಂದಿವೆ.

ಕೊನೆಗೆ ನನ್ನ ಕೋರಿಕೆ, ಬೇಡಿಕೆ ಎಂದರೂ ಸರಿ. ಈ ಉಪನ್ಯಾಸಕ್ಕೆಂದು ಇಟ್ಟ ದತ್ತಿಯ ಬಡ್ಡಿ ಹಣದಲ್ಲಿ ಮುಂದಿನ ವರ್ಷ ನನ್ನಂಥ ಇನ್ನೊಬ್ಬ ಭಾಷಣಕಾರನನ್ನು ಕರೆಸಬೇಡಿ. ಬರುವ ದಸರೆಗೆ ನಿಮ್ಮ ನಿಮ್ಮ ಊರ ಗುಡಿಯಲ್ಲಿ ದೇವಿ ಪುರಾಣ ಓದುವವರ ಪಕ್ಕ ಕಾಲೇಜಿಗೆ ಹೋಗುವ ಒಬ್ಬ ಹುಡುಗ, ಒಬ್ಬ ಹುಡುಗಿ ಇಬ್ಬರನ್ನೂ ಕೂಡಿಸಿ. ದೇವಿಯ ಪುರಾಣವನ್ನು ಹೆಣ್ಣುಮಗಳು ಓದಬಾರದೆಂದು ಯಾವ ಅವಧೂತರೂ ಹೇಳಿಲ್ಲ. ಅವರಿಗೆ ಒಂದೊಂದು ಸಂಧಿ ಒಪ್ಪಿಸಿ, ತಪ್ಪಿದರೆ ತಿದ್ದಿ, ನಗಬೇಡಿ. ಒಂದು ಸಂಜೆ ಬಂಗಾಳಿ ಕ್ಯಾಂಪಿನವರನ್ನು ಖೋಲಿನ ಸಮೇತ ಕರೆಯಿರಿ, ಇನ್ನೊಂದು ಸಂಜೆ ನೀವೇ ಅವರ ಪೆಂಡಾಲಿಗೆ ಹೋಗಿ. ಹಂತಿ ಪದ ಬಲ್ಲ ಮುದುಕರು ನಿಮ್ಮ ಓಣಿಯಲ್ಲಿದ್ದರೆ ಅವರ ಪದವನ್ನು ಮೊಬೈಲಿನಲ್ಲಿ ಹಿಡಿದಿಟ್ಟರೆ ಸಾಲದು, ಕಾರ ಹುಣ್ಣಿಮೆಗೋ ಸೀಗಿ ಹುಣ್ಣಿಮೆಗೋ ಅದನ್ನು ಹಾಡುವ ಒಂದು ಹೊತ್ತನ್ನು ಗೊತ್ತುಮಾಡಿ. ದತ್ತಿಯ ಹಣ ಹಾಡಿದವರ ಊಟಕ್ಕೆ, ತಾಳ, ದಮ್ಮಡಿಗಳ ಖರ್ಚಿಗೆ ಸಾಕಾಗುತ್ತದೆ. ದತ್ತಿ ಇಟ್ಟ ಹಿರಿಯರು ಇದಕ್ಕೆ ಒಪ್ಪಬೇಕೆಂದು ಈ ಸಭೆಯ ಮುಂದೆಯೇ ಕೇಳಿಕೊಳ್ಳುತ್ತೇನೆ.